ಸಹಾಯ ಬೇಕು: ತಾಯಿಯ ಭುಜದ ನೋವಿಗೆ ಮನೆಗೆ ಬರುವ ಫಿಸಿಯೋಥೆರಪಿಸ್ಟ್
ನಮಸ್ಕಾರ. ಕಲಬುರಗಿಯ ಬ್ರಹ್ಮಪುರದಲ್ಲಿರುವ ನನ್ನ ತಾಯಿಯವರು ಕಳೆದ ತಿಂಗಳು ಬಚ್ಚಲಲ್ಲಿ ಜಾರಿ ಬಿದ್ದಿದ್ದು, ಬಲಭುಜದ ಕೀಲನ್ನು ಹಿಡಿದಿಡುವ 4 ಸ್ನಾಯುಗಳ ಪೈಕಿ ಮೇಲ್ಭಾಗದ ಸುಪ್ರಾಸ್ಪೈನೇಟಸ್‌ನ ರಜ್ಜು (ಸ್ನಾಯುವನ್ನು ಮೂಳೆಗೆ ಬೆಸೆಯುವ ಭಾಗ) ಭಾಗಶಃ ಹರಿದಿರುವುದು ಎಂಆರ್‌ಐ ವರದಿಯಲ್ಲಿ ಕಂಡುಬಂದಿದೆ. ಶಸ್ತ್ರಚಿಕಿತ್ಸೆಗೆ ಅವಸರ ಬೇಡ, ಮೊದಲು ಫಿಸಿಯೋಥೆರಪಿ ಮಾಡಿಸಿ ಎಂದು ವೈದ್ಯರು ತಿಳಿಸಿದ್ದಾರೆ.

ಮುಂದಕ್ಕೆ ಬಾಗಿ ಕೈಯನ್ನು ಲೋಲಕದಂತೆ ತೂಗುವ ವ್ಯಾಯಾಮವನ್ನು ಅವರು ತಪ್ಪದೆ ಮಾಡುತ್ತಾರೆ. ಆದರೆ ರಾತ್ರಿ ಆ ಮಗ್ಗುಲಿಗೆ ಹೊರಳಿದೊಡನೆ ನೋವಿನಿಂದ ಎಚ್ಚರಗೊಂಡು, ಗೋಡೆಗೊರಗಿ ಕುಳಿತೇ ಬೆಳಗು ಮಾಡುತ್ತಾರೆ. ನಿನ್ನೆ ಎಡಗೈಯಿಂದಲೇ ಜೋಳದ ಹಿಟ್ಟು ನಾದಿ, ರೊಟ್ಟಿ ಬಡಿಯಲು ಬಲಗೈ ಏಳದೆ, ಕಾದ ಹಂಚನ್ನು ನೋಡುತ್ತ ಕುಳಿತಿದ್ದರು. ಅದನ್ನು ಕಂಡು ನನ್ನ ಕರುಳು ಚುರುಕ್ಕೆಂದಿತು.

ಮನೆಗೆ ಬಂದು ಚಿಕಿತ್ಸೆ ನೀಡುವ ಅನುಭವಿ ಫಿಸಿಯೋಥೆರಪಿಸ್ಟ್ ಯಾರಾದರೂ ತಮಗೆ ಗೊತ್ತಿದ್ದರೆ ದಯವಿಟ್ಟು ತಿಳಿಸಿರಿ. ಇದೇ ತೊಂದರೆಯಿಂದ ಚೇತರಿಸಿಕೊಂಡವರು, ದಿಂಬನ್ನು ಹೇಗಿಟ್ಟು ಮಲಗುತ್ತಿದ್ದಿರಿ, ಎಷ್ಟು ತಿಂಗಳ ನಂತರ ರೊಟ್ಟಿ ಬಡಿಯಲು ಸಾಧ್ಯವಾಯಿತು ಎಂಬುದನ್ನೂ ಬರೆಯಬೇಕೆಂದು ಕೋರುತ್ತೇನೆ.