ಅಣು ವಿದ್ಯುತ್ ಸ್ಥಾವರದ ಗೇಟಿನಲ್ಲಿ ಚೀಲ ತಪಾಸಣೆ: ನಿವೃತ್ತ ಭದ್ರತಾಧಿಕಾರಿಯೊಬ್ಬರಿಗೆ ಕೇಳಿದ ಪ್ರಶ್ನೆಗಳು

ಪ್ರಶ್ನೆ (ಫಿಟ್ಟರ್, ಹರಿಹರ): ಸರ್, ನಮಸ್ಕಾರ. ಐಟಿಐ ಮುಗಿಸಿ ಕೆಲವು ವರ್ಷಗಳಿಂದ ಫಿಟ್ಟರ್ ಕೆಲಸ ಮಾಡುತ್ತಿದ್ದೇನೆ. ಗುತ್ತಿಗೆದಾರರೊಬ್ಬರ ಮೂಲಕ ಕೈಗಾ ಸ್ಥಾವರದಲ್ಲಿ ಶಟ್‌ಡೌನ್ ಕೆಲಸಕ್ಕೆ, ಅಂದರೆ ಘಟಕವನ್ನು ನಿಲ್ಲಿಸಿ ಮಾಡುವ ದುರಸ್ತಿಗೆ, ಹೋಗುವ ಅವಕಾಶ ಬಂದಿದೆ. ಅಲ್ಲಿ ಒಳಗೆ ಹೋಗುವಾಗಲೂ ಹೊರಗೆ ಬರುವಾಗಲೂ ಮೈ ತಡವಿ, ಚೀಲ ತೆಗೆಸಿ, ಊಟದ ಡಬ್ಬಿಯ ಮುಚ್ಚಳವನ್ನೂ ಬಿಚ್ಚಿಸಿ ನೋಡುತ್ತಾರೆಂದು ಹೋಗಿ ಬಂದ ಸ್ನೇಹಿತರು ಹೇಳುತ್ತಾರೆ. ಪೊಲೀಸ್ ವೆರಿಫಿಕೇಷನ್ ಮಾಡಿ ಪಾಸ್ ಕೊಟ್ಟ ಮೇಲೂ ದಿನವೂ ನಮ್ಮನ್ನು ಕಳ್ಳರಂತೆ ನೋಡುವುದು ಯಾವ ನ್ಯಾಯ?

ಉತ್ತರ (ನಿವೃತ್ತ ಕೈಗಾರಿಕಾ ಭದ್ರತಾಧಿಕಾರಿ, ದಾವಣಗೆರೆ): ವೆರಿಫಿಕೇಷನ್ ಹೇಳುವುದು ನಿಮ್ಮ ಹಿಂದಿನ ನಡತೆಯನ್ನು, ಚೀಲ ಹೇಳುವುದು ಈ ಬೆಳಿಗ್ಗೆಯ ಸಂಗತಿಯನ್ನು. ಒಂದು ಇನ್ನೊಂದರ ಬದಲಿಗೆ ಬರುವುದಿಲ್ಲ. ಎಷ್ಟೇ ಸಂಭಾವಿತನಾದರೂ ಅವನ ಚೀಲಕ್ಕೆ ಬಸ್ಸಿನಲ್ಲೋ ರೂಮಿನಲ್ಲೋ ಬೇರೆಯವರು ಏನನ್ನಾದರೂ ಸೇರಿಸಬಹುದು, ಅಥವಾ ಅವನ ಮನೆಯವರನ್ನು ಬೆದರಿಸಿ ಅವನಿಂದಲೇ ಏನನ್ನಾದರೂ ಸಾಗಿಸಬಹುದು. ಆದ್ದರಿಂದಲೇ ತಪಾಸಣೆಗೆ ಹುದ್ದೆಯ ಭೇದ ಇರಬಾರದು. ಇಂಜಿನಿಯರನ ಚೀಲವನ್ನು ಬಿಟ್ಟು ಹೆಲ್ಪರನ ಚೀಲವನ್ನು ಮಾತ್ರ ಬಿಚ್ಚಿಸುವ ಗೇಟು ನನ್ನ ದೃಷ್ಟಿಯಲ್ಲಿ ಗೇಟೇ ಅಲ್ಲ.

ನೀವು ಹೋಗುತ್ತಿರುವ ಕೈಗಾದಲ್ಲಿಯೇ ನಡೆದ ಒಂದು ಸಂಗತಿಯನ್ನು ತಿಳಿದಿರಿ. 2009ರ ನವೆಂಬರಿನಲ್ಲಿ ಅಲ್ಲಿನ ಹತ್ತಾರು ನೌಕರರ ಮೂತ್ರದ ಮಾದರಿಯಲ್ಲಿ ಟ್ರಿಟಿಯಂ ಎಂಬ ವಿಕಿರಣಶೀಲ ಹೈಡ್ರೋಜನ್ನಿನ ಪ್ರಮಾಣ ಇರಬೇಕಾದುದಕ್ಕಿಂತ ಹೆಚ್ಚಾಗಿ ಕಂಡುಬಂತು. ಭಾರಜಲ (ಭಾರವಾದ ಹೈಡ್ರೋಜನ್ ಇರುವ ನೀರು) ಬಳಸುವ ರಿಯಾಕ್ಟರುಗಳಲ್ಲಿ ಕೆಲಸ ಮಾಡುವವರ ಮೂತ್ರವನ್ನು ವಾಡಿಕೆಯಾಗಿ ಪರೀಕ್ಷಿಸುವುದರಿಂದ ವಿಷಯ ಬೇಗ ಹೊರಬಿತ್ತು. ಹುಡುಕಿದಾಗ ಸಿಕ್ಕ ಮೂಲ ಸ್ಥಾವರದೊಳಗಿನ ಕುಡಿಯುವ ನೀರಿನ ಕೂಲರ್. ಯಾರೋ ಟ್ರಿಟಿಯಂ ಬೆರೆತ ಭಾರಜಲವನ್ನು ಅದಕ್ಕೆ ಸೇರಿಸಿದ್ದರು. ಇದು ಬೇಕೆಂದೇ ಮಾಡಿದ ಕೃತ್ಯವೆಂದು ಆಗಿನ ಪರಮಾಣು ಶಕ್ತಿ ಆಯೋಗದ ಅಧ್ಯಕ್ಷ ಅನಿಲ್ ಕಾಕೋಡ್ಕರ್ ಅವರೇ ಹೇಳಿದ್ದರು. ಆ ದ್ರವ ಹೊರಗಿನಿಂದ ಬಂದದ್ದಲ್ಲ, ಒಳಗೇ ಇದ್ದದ್ದು. ಅದನ್ನು ಕೂಲರಿಗೆ ಸುರಿದ ಕೈಯೂ ಪಾಸ್ ಪಡೆದು ಒಳಬಂದವರದ್ದೇ ಆಗಿರಬೇಕು. ಗೇಟಿನಲ್ಲಿ ಎಷ್ಟು ಚೀಲ ಬಿಚ್ಚಿಸಿದ್ದರೂ ಅದು ಸಿಗುತ್ತಿರಲಿಲ್ಲ.

ಹಾಗಾದರೆ ಚೀಲ ನೋಡುವುದೇ ವ್ಯರ್ಥವೇ ಎಂದು ನೀವು ಕೇಳಬಹುದು. ಅಲ್ಲ. 1982ರ ಡಿಸೆಂಬರಿನಲ್ಲಿ ದಕ್ಷಿಣ ಆಫ್ರಿಕಾದ ಕೂಬರ್ಗ್ ಸ್ಥಾವರ ಇನ್ನೂ ಕಾರ್ಯಾರಂಭ ಮಾಡುವ ಮುಂಚೆ, ಅಲ್ಲಿಯೇ ಕೆಲಸಕ್ಕಿದ್ದ ಒಬ್ಬಾತ ಲೋಹಕ್ಕೆ ಆಯಸ್ಕಾಂತದಿಂದ ಅಂಟಿಕೊಳ್ಳುವ ನಾಲ್ಕು ಲಿಂಪೆಟ್ ಬಾಂಬುಗಳನ್ನು ಒಳಗೆ ಸಾಗಿಸಿ ಸ್ಫೋಟಿಸಿದ. ಅಂಥದ್ದನ್ನು ತಡೆಯುವುದು ಗೇಟಿನ ಕೆಲಸ. 2014ರ ಆಗಸ್ಟಿನಲ್ಲಿ ಬೆಲ್ಜಿಯಂನ ಡೂಲ್ ಸ್ಥಾವರದ ನಾಲ್ಕನೆಯ ಘಟಕದಲ್ಲಿ ನಡೆದದ್ದು ಬೇರೆ ಬಗೆಯದು. ಯಾರೋ ವಾಲ್ವ್ ತಿರುಗಿಸಿ ಟರ್ಬೈನಿನ ಲೂಬ್ರಿಕೇಷನ್ ಎಣ್ಣೆಯನ್ನು ಖಾಲಿ ಮಾಡಿದರು, ಟರ್ಬೈನ್ ಕೆಟ್ಟಿತು, ಘಟಕ ತಿಂಗಳುಗಟ್ಟಲೆ ನಿಂತಿತು. ಅದಕ್ಕೆ ಬಾಂಬೂ ಬೇಕಾಗಲಿಲ್ಲ, ಸ್ಪ್ಯಾನರೂ ಬೇಕಾಗಲಿಲ್ಲ. ಯಾವ ವಾಲ್ವ್ ಎಂಬ ತಿಳಿವಳಿಕೆ ಸಾಕಾಗಿತ್ತು. ಆ ಬಳಿಕ ಅಲ್ಲಿ ಕ್ಯಾಮೆರಾಗಳನ್ನು ಹೆಚ್ಚಿಸಿ, ಕೆಲವು ಜಾಗಗಳಿಗೆ ಒಬ್ಬರೇ ಹೋಗಬಾರದು, ಇಬ್ಬರು ಜೊತೆಯಾಗಿಯೇ ಹೋಗಬೇಕು ಎಂಬ ನಿಯಮವನ್ನು ತಂದರು. ಗೇಟಿನ ತಪಾಸಣೆ ಸಾಮಾನನ್ನು ಹಿಡಿಯುತ್ತದೆಯೇ ಹೊರತು ಮನಸ್ಸನ್ನು ಹಿಡಿಯುವುದಿಲ್ಲ. ಅದು ಹಲವು ಸುತ್ತುಗಳಲ್ಲಿ ಹೊರಗಿನ ಒಂದು ಸುತ್ತು ಮಾತ್ರ, ಮತ್ತು ಬಹುಶಃ ಎಲ್ಲಕ್ಕಿಂತ ಸುಲಭವಾದದ್ದು. ಅದರ ಮೇಲೆಯೇ ಎಲ್ಲ ಭಾರ ಹಾಕುವ ಅಧಿಕಾರಿಗಳನ್ನು ನಾನು ಒಪ್ಪುವುದಿಲ್ಲ. ಅದು ಬೇಡವೇ ಬೇಡ ಎನ್ನುವವರನ್ನೂ ಒಪ್ಪುವುದಿಲ್ಲ.

ಪ್ರಶ್ನೆ (ಅದೇ ಫಿಟ್ಟರ್): ಅರ್ಥವಾಯಿತು ಸರ್. ಆದರೆ ಊಟದ ಡಬ್ಬಿಯಲ್ಲಿ ಅಂಥದ್ದೇನಿರುತ್ತದೆ?

ಉತ್ತರ: ಎಕ್ಸ್‌ರೇ ಯಂತ್ರದ ಪರದೆಯ ಮುಂದೆ ಕುಳಿತವರಿಗೆ ನಿಮ್ಮ ಡಬ್ಬಿ ಹೇಗೆ ಕಾಣುತ್ತದೆ ಎಂಬುದನ್ನು ಹೇಳುತ್ತೇನೆ. ಆ ಪರದೆಯಲ್ಲಿ ಲೋಹ ನೀಲಿಯಾಗಿ ಕಾಣುತ್ತದೆ. ಆಹಾರ, ಬಟ್ಟೆ, ಕಾಗದ, ಪ್ಲಾಸ್ಟಿಕ್ ಮುಂತಾದ ಹಗುರ ಮೂಲವಸ್ತುಗಳಿಂದಾದ ಪದಾರ್ಥಗಳು ಕಿತ್ತಳೆ ಬಣ್ಣದಲ್ಲಿ ಕಾಣುತ್ತವೆ. ತೊಂದರೆ ಏನೆಂದರೆ ಬಹುತೇಕ ಸ್ಫೋಟಕಗಳೂ ಅದೇ ಕಿತ್ತಳೆ ಗುಂಪಿಗೆ ಸೇರುತ್ತವೆ. ನಿಮ್ಮ ಮನೆಯವರು ಪ್ರೀತಿಯಿಂದ ಒತ್ತಿ ಕಟ್ಟಿದ ಶೇಂಗಾ ಚಟ್ನಿಪುಡಿಯ ಪೊಟ್ಟಣ ಪರದೆಯ ಮೇಲೆ ಒಂದು ಗಟ್ಟಿ ಕಿತ್ತಳೆ ಇಟ್ಟಿಗೆಯಾಗಿ ಕಾಣುತ್ತದೆ. ಅದನ್ನೇ ದಪ್ಪ ಸ್ಟೀಲ್ ಡಬ್ಬಿಯೊಳಗೆ, ಒಂದರ ಮೇಲೊಂದು ನಾಲ್ಕು ಅಂತಸ್ತಿನ ಕ್ಯಾರಿಯರ್‌ನಲ್ಲಿ ಇಟ್ಟರೆ ಕಡುನೀಲಿಯ ಹಿಂದೆ ಏನಿದೆಯೆಂದು ತಿಳಿಯುವುದಿಲ್ಲ. ಬಿಚ್ಚಿ ನೋಡದೆ ಬೇರೆ ದಾರಿಯಿಲ್ಲ. ಮುಚ್ಚಳ ತೆಗೆದರೆ ಕ್ಷಣದಲ್ಲಿ ಮುಗಿಯುತ್ತದೆ. ತೆಗೆಯುವುದಿಲ್ಲವೆಂದು ವಾದಕ್ಕೆ ನಿಂತರೆ ನಿಮ್ಮ ಹಿಂದಿನ ಸಾಲೆಲ್ಲ ನಿಲ್ಲುತ್ತದೆ. ತೆಳುವಾದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಊಟ ಒಯ್ದರೆ ಬಿಚ್ಚಿಸುವ ಸಂದರ್ಭಗಳೇ ಕಡಿಮೆಯಾಗುತ್ತವೆ.

ಕ್ಯಾಮೆರಾ ಇರುವ ಮೊಬೈಲ್, ಸ್ಮಾರ್ಟ್ ವಾಚ್, ಪೆನ್ ಡ್ರೈವ್ ಇವುಗಳನ್ನು ರೂಮಿನಲ್ಲೇ ಬಿಟ್ಟು ಹೋಗಿ. ಪೆನ್ ಡ್ರೈವಿನಲ್ಲಿ ಹಾಡುಗಳು ಮಾತ್ರ ಇವೆ ಎಂಬ ವಾದ ಯಾವ ಗೇಟಿನಲ್ಲೂ ನಡೆಯುವುದಿಲ್ಲ. 2019ರಲ್ಲಿ ತಮಿಳುನಾಡಿನ ಕೂಡಂಕುಳಂ ಅಣು ಸ್ಥಾವರದಲ್ಲಿ ಆಡಳಿತ ಕೆಲಸಕ್ಕೆ ಬಳಸುವ ಕಂಪ್ಯೂಟರೊಂದರಲ್ಲಿ ಮಾಲ್‌ವೇರ್ (ಹಾನಿಕಾರಕ ತಂತ್ರಾಂಶ) ಸೇರಿದ್ದುದನ್ನು ಪರಮಾಣು ವಿದ್ಯುತ್ ನಿಗಮವೇ ಒಪ್ಪಿಕೊಂಡಿತ್ತು. ರಿಯಾಕ್ಟರಿನ ನಿಯಂತ್ರಣ ಜಾಲ ಪ್ರತ್ಯೇಕವಾಗಿದ್ದುದರಿಂದ ಅದಕ್ಕೆ ತಗುಲಲಿಲ್ಲ.

ಪ್ರಶ್ನೆ (ಗೃಹಿಣಿ, ಚಿತ್ರದುರ್ಗ): ನನ್ನ ಮಗಳು ಡಿಪ್ಲೊಮಾ ಮುಗಿಸಿ ಇಂಥದೇ ಸ್ಥಾವರವೊಂದಕ್ಕೆ ತರಬೇತಿಗೆ ಹೋಗುವವಳಿದ್ದಾಳೆ. ಹೆಣ್ಣುಮಕ್ಕಳ ತಪಾಸಣೆ ಹೇಗಿರುತ್ತದೆ? ಬೇಡವೆಂದು ಹೇಳುವ ಹಕ್ಕು ಅವಳಿಗೆ ಇದೆಯೇ?

ಉತ್ತರ: ಅಮ್ಮಾ, ನಮ್ಮ ದೇಶದ ಅಣು ವಿದ್ಯುತ್ ಸ್ಥಾವರಗಳನ್ನು ಕಾಯುವುದು ಕೇಂದ್ರೀಯ ಕೈಗಾರಿಕಾ ಭದ್ರತಾ ಪಡೆ, ಅಂದರೆ ಸಿಐಎಸ್‌ಎಫ್. ಅದರಲ್ಲಿ ಮಹಿಳಾ ಸಿಬ್ಬಂದಿ ಇರುತ್ತಾರೆ; ಹೆಣ್ಣುಮಕ್ಕಳ ಮೈ ತಪಾಸಣೆಯನ್ನು ಅವರೇ, ಪರದೆ ಕಟ್ಟಿದ ಮರೆಯಲ್ಲಿ ಮಾಡಬೇಕು. ಮಹಿಳಾ ಸಿಬ್ಬಂದಿ ಆ ಕ್ಷಣಕ್ಕೆ ಇಲ್ಲವೆಂದರೆ ಅವರು ಬರುವವರೆಗೆ ಕಾಯುತ್ತೇನೆಂದು ನಿಮ್ಮ ಮಗಳು ಧೈರ್ಯವಾಗಿ ಹೇಳಬಹುದು, ಹೇಳಲೇಬೇಕು. ಚೀಲದೊಳಗಿನ ಖಾಸಗಿ ವಸ್ತುಗಳನ್ನು ನಾಲ್ಕು ಜನರ ಮುಂದೆ ಎತ್ತಿ ತೋರಿಸುವುದು, ಅದರ ಬಗ್ಗೆ ಮಾತಾಡುವುದು ಭದ್ರತೆಯೂ ಅಲ್ಲ, ಸಭ್ಯತೆಯೂ ಅಲ್ಲ. ಹಾಗೇನಾದರೂ ಆದರೆ ದಿನಾಂಕ, ವೇಳೆ, ಗೇಟಿನ ಹೆಸರು ಬರೆದು ಸಿಐಎಸ್‌ಎಫ್ ಘಟಕದ ಕಮಾಂಡೆಂಟರಿಗೂ ಸ್ಥಾವರದ ಆಂತರಿಕ ದೂರು ಸಮಿತಿಗೂ ದೂರು ಕೊಡಬೇಕು.

ತಪಾಸಣೆ ಬೇಡವೆನ್ನುವ ಮಾತಿಗೆ ಬಂದರೆ, ಅದು ಒಳಗೆ ಹೋಗಲು ಇರುವ ಷರತ್ತು. ಒಪ್ಪದವರನ್ನು ಗೇಟಿನಿಂದ ಹಿಂದಕ್ಕೆ ಕಳುಹಿಸಬಹುದು. ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರಲ್ಲಿ ತೀರ್ಪು ನೀಡಿದೆ; ಆ ಮೊಕದ್ದಮೆ ಹೂಡಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರು. ಆದರೆ ಕಾನೂನಿನ ಆಧಾರ, ನ್ಯಾಯಸಮ್ಮತ ಉದ್ದೇಶ, ಉದ್ದೇಶಕ್ಕೆ ತಕ್ಕಷ್ಟೇ ಕ್ರಮ ಇದ್ದಾಗ ಆ ಹಕ್ಕಿಗೆ ಮಿತಿ ಹಾಕಬಹುದೆಂದೂ ಅದೇ ತೀರ್ಪು ಹೇಳುತ್ತದೆ. ಅಣು ಸ್ಥಾವರದ ಗೇಟಿನಲ್ಲಿ ಮೊದಲೆರಡು ಸುಲಭವಾಗಿ ಒದಗುತ್ತವೆ. ಜಗಳ ಬರುವುದು ಯಾವಾಗಲೂ ಮೂರನೆಯದರಲ್ಲಿ, ಅಂದರೆ ಎಷ್ಟು ನೋಡಬೇಕು, ಹೇಗೆ ನೋಡಬೇಕು ಎಂಬುದರಲ್ಲಿ.

ಪ್ರಶ್ನೆ (ರೈತ ಹಾಗೂ ಗುತ್ತಿಗೆ ವೆಲ್ಡರ್, ಹೊನ್ನಾಳಿ ಕಡೆ): ನನ್ನ ಚೀಲದ ಹಿಡಿಕೆಗೆ ಬಟ್ಟೆಯ ಚೂರೊಂದನ್ನು ಒರೆಸಿ ಯಂತ್ರಕ್ಕೆ ಇಟ್ಟಾಗ ಅದು ಕೂಗಿಕೊಂಡಿತು. ಬಹಳ ಹೊತ್ತು ನಿಲ್ಲಿಸಿ ವಿಚಾರಿಸಿದರು. ನನ್ನಲ್ಲಿ ಏನೂ ಇರಲಿಲ್ಲ. ಇದು ಏಕೆ?

ಉತ್ತರ: ಹಿಂದಿನ ದಿನ ಊರಿನಲ್ಲಿ ಗೊಬ್ಬರ ಎರಚಿದ್ದಿರಾ? ಆ ಯಂತ್ರ ಸ್ಫೋಟಕಗಳ ಅತಿ ಸೂಕ್ಷ್ಮ ಕಣಗಳನ್ನು ಹುಡುಕುತ್ತದೆ. ನೈಟ್ರೇಟ್ ಇರುವ ರಸಗೊಬ್ಬರದ ಪುಡಿ ಕೈಯಲ್ಲೋ ಚೀಲದಲ್ಲೋ ಉಳಿದಿದ್ದರೂ ಅದು ಕೂಗಬಹುದು. ಹೃದಯದ ಕಾಯಿಲೆಗೆ ಕೊಡುವ ನೈಟ್ರೋಗ್ಲಿಸರಿನ್ ಮಾತ್ರೆಯಿಂದಲೂ ಹೀಗಾಗುವುದುಂಟು. ಹೊಲಕ್ಕೆ ಒಯ್ಯುವ ಚೀಲವನ್ನು ಕೆಲಸಕ್ಕೆ ತರಬೇಡಿ, ಮಾತ್ರೆಯ ಚೀಟಿ ಜೊತೆಯಲ್ಲಿರಲಿ.

ಇದಕ್ಕಿಂತ ಹೆಚ್ಚು ಜನ ಮರೆಯುವುದು ಇನ್ನೊಂದನ್ನು. ಸ್ಥಾವರದಲ್ಲಿ ವಿಕಿರಣ ಅಳೆಯುವ ದ್ವಾರಗಳಿರುತ್ತವೆ. ಹೊರಬರುವಾಗ ಕೈಕಾಲುಗಳನ್ನು ಬೇರೆಯಾಗಿ ಅಳೆಯುತ್ತಾರೆ. ಒಳಗಿನ ವಸ್ತು ಹೊರಹೋಗಬಾರದು, ಮೈಗೆ ಅಂಟಿದ ಧೂಳು ನಿಮ್ಮ ಮನೆಗೆ ಹೋಗಬಾರದು ಎಂಬ ಎರಡೂ ಉದ್ದೇಶ ಅದಕ್ಕಿದೆ. ಆದ್ದರಿಂದ ಹೊರಬರುವ ತಪಾಸಣೆಯನ್ನು ಬರೀ ಕಳ್ಳತನದ ಅನುಮಾನವೆಂದು ತಿಳಿಯಬೇಡಿ, ಅದರಲ್ಲಿ ಅರ್ಧ ನಿಮ್ಮ ಆರೋಗ್ಯದ್ದೇ. ಆಸ್ಪತ್ರೆಯಲ್ಲಿ ಮೂಳೆಯ ಸ್ಕ್ಯಾನ್ ಮಾಡಿಸಿಕೊಂಡವರ, ಥೈರಾಯ್ಡ್‌ಗೆ ವಿಕಿರಣಶೀಲ ಅಯೋಡಿನ್ ತೆಗೆದುಕೊಂಡವರ ಮೈಯಿಂದಲೂ ಈ ದ್ವಾರ ಕೂಗುತ್ತದೆ. ಮೂಳೆಯ ಸ್ಕ್ಯಾನಿಗೆ ಬಳಸುವ ಟೆಕ್ನೀಷಿಯಂ ಎಂಬ ವಿಕಿರಣಶೀಲ ವಸ್ತು ಸುಮಾರು 6 ಗಂಟೆಗೊಮ್ಮೆ ಅರ್ಧವಾಗುವುದರಿಂದ ಒಂದೆರಡು ದಿನಗಳಲ್ಲಿ ಬಹುಪಾಲು ಕಳೆದುಹೋಗುತ್ತದೆ. ಅಯೋಡಿನ್ ಹಾಗೆ ಅರ್ಧವಾಗಲು ಸುಮಾರು 8 ದಿನ ಬೇಕು, ಹಾಗಾಗಿ ವಾರಗಟ್ಟಲೆ ಉಳಿಯುತ್ತದೆ. ಆಸ್ಪತ್ರೆಯ ಪತ್ರವನ್ನು ಮೊದಲೇ ಸ್ಥಾವರದಲ್ಲಿ ವಿಕಿರಣ ಸುರಕ್ಷತೆ ನೋಡುವ ಆರೋಗ್ಯ ಭೌತ ವಿಭಾಗಕ್ಕೆ ತೋರಿಸಿದರೆ ಗೇಟಿನಲ್ಲಿ ಗಾಬರಿಯಾಗುವುದಿಲ್ಲ.

ಪ್ರಶ್ನೆ (ಎಲೆಕ್ಟ್ರಿಷಿಯನ್, ಚಳ್ಳಕೆರೆ): ನಮ್ಮ ಉಳ್ಳಾರ್ತಿ ಕಾವಲಿನಲ್ಲಿ ಬಾರ್ಕ್‌ಗೆ (ಭಾಭಾ ಪರಮಾಣು ಸಂಶೋಧನಾ ಕೇಂದ್ರಕ್ಕೆ) ಜಮೀನು ಕೊಟ್ಟಿರುವುದರಿಂದ ಇಲ್ಲೂ ಮುಂದೆ ಇಂಥ ಕೆಲಸಗಳು ಬರಬಹುದೆಂದು ನಾವು ಕೆಲವರು ಕಾದಿದ್ದೇವೆ. ಎರಡು ಸಂಶಯಗಳಿವೆ. ತಪಾಸಣೆಯ ಸಾಲಿನಲ್ಲಿ ನಿಂತ ಹೊತ್ತಿಗೆ ಕೂಲಿ ಸಿಗುತ್ತದೆಯೇ? ಎರಡನೆಯದು, ಕಾಲೇಜಿನಲ್ಲಿದ್ದಾಗ ಭದ್ರಾ ಮೇಲ್ದಂಡೆ ಯೋಜನೆಗೆ ಒತ್ತಾಯಿಸಿ ನಡೆದ ರಸ್ತೆ ತಡೆಯಲ್ಲಿ ನನ್ನ ಮೇಲೆ ಒಂದು ಕೇಸ್ ಆಗಿ, ಆಮೇಲೆ ಮುಗಿಯಿತು. ಅದನ್ನು ಅರ್ಜಿಯಲ್ಲಿ ಬರೆಯಬೇಕೇ?

ಉತ್ತರ: ಕೂಲಿಯ ವಿಷಯದಲ್ಲಿ ಹೊರದೇಶದ ನ್ಯಾಯಾಲಯಗಳೇ ಎರಡು ಮಾತು ಹೇಳಿವೆ. ಅಮೆಜಾನ್ ಗೋದಾಮುಗಳಲ್ಲಿ ದುಡಿಯುತ್ತಿದ್ದ ಗುತ್ತಿಗೆ ಕಾರ್ಮಿಕರ ಮೊಕದ್ದಮೆಯಲ್ಲಿ, ತಪಾಸಣೆಗೆ ಕಾದ ಹೊತ್ತಿಗೆ ಅಲ್ಲಿನ ಕೇಂದ್ರ ಸರ್ಕಾರದ ಕಾನೂನಿನಡಿ ಕೂಲಿ ಕೊಡಬೇಕಿಲ್ಲ ಎಂದು ಅಮೆರಿಕದ ಸುಪ್ರೀಂ ಕೋರ್ಟ್ 2014ರಲ್ಲಿ ಹೇಳಿತು. ಆ್ಯಪಲ್ ಮಳಿಗೆಗಳ ನೌಕರರ ಚೀಲ ತಪಾಸಣೆಯ ಹೊತ್ತಿಗೆ ಕೊಡಲೇಬೇಕೆಂದು ಕ್ಯಾಲಿಫೋರ್ನಿಯಾದ ಸುಪ್ರೀಂ ಕೋರ್ಟ್ ತನ್ನ ರಾಜ್ಯದ ಕಾನೂನಿನಡಿ 2020ರಲ್ಲಿ ತೀರ್ಮಾನಿಸಿತು. ಮಾಲೀಕನ ಅಪ್ಪಣೆಯಂತೆ, ಮಾಲೀಕನ ಜಾಗದಲ್ಲಿ ನಿಂತ ಹೊತ್ತು ದುಡಿಮೆಯ ಹೊತ್ತೇ ಎಂಬುದು ನನ್ನ ಅಭಿಪ್ರಾಯ. ಅಭಿಪ್ರಾಯದಿಂದ ಹಣ ಬರುವುದಿಲ್ಲವಾದ್ದರಿಂದ, ಹಾಜರಿ ಹಾಕುವುದು ಹೊರಗಿನ ಗೇಟಿನಲ್ಲೋ ಕೆಲಸದ ಜಾಗದಲ್ಲೋ ಎಂಬುದನ್ನು ಗುತ್ತಿಗೆದಾರರ ಬಳಿ ಸೇರುವ ಮುಂಚೆಯೇ ಬರವಣಿಗೆಯಲ್ಲಿ ಕೇಳಿ ಪಡೆಯಿರಿ.

ಕೇಸಿನ ವಿಷಯದಲ್ಲಿ ನನ್ನ ಉತ್ತರ ಒಂದೇ: ಅರ್ಜಿಯಲ್ಲಿ ಕೇಳಿದ್ದರೆ ಬರೆಯಿರಿ. 2016ರ ಅವತಾರ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಈ ಬಗ್ಗೆ ವಿವರವಾಗಿಯೇ ಹೇಳಿದೆ. ಚಿಕ್ಕ ವಯಸ್ಸಿನಲ್ಲಿ ಘೋಷಣೆ ಕೂಗಿದಂಥ ಸಣ್ಣ ಪ್ರಕರಣವನ್ನು ಅಭ್ಯರ್ಥಿ ಮುಚ್ಚಿಟ್ಟಿದ್ದರೂ ಉದ್ಯೋಗದಾತ ಅದನ್ನು ಕಡೆಗಣಿಸಬಹುದು. ಆದರೆ ಅದು ಅವರ ವಿವೇಚನೆ, ನಿಮ್ಮ ಹಕ್ಕಲ್ಲ. ನಿಜ ಬರೆದವರ ವಿಷಯದಲ್ಲೂ ಹಿನ್ನೆಲೆಯನ್ನು ಪರಿಗಣಿಸುವ ಅಧಿಕಾರ ಉದ್ಯೋಗದಾತನಿಗೆ ಇದೆ ಎಂಬುದನ್ನೂ ಅದೇ ತೀರ್ಪು ಹೇಳಿರುವುದರಿಂದ, ಬರೆದ ಮಾತ್ರಕ್ಕೆ ಪಾಸ್ ಖಚಿತವೆಂದು ನಾನು ಹೇಳಲಾರೆ. ಆದರೂ ರಸ್ತೆ ತಡೆಯ ಹಳೆಯ ಕೇಸು ಅಷ್ಟು ದೊಡ್ಡ ಅಡ್ಡಿಯಲ್ಲ. ಅದನ್ನು ಬಚ್ಚಿಟ್ಟವನೆಂಬ ಗುರುತು ದೊಡ್ಡ ಅಡ್ಡಿ, ಏಕೆಂದರೆ ಬಚ್ಚಿಟ್ಟ ಗುಟ್ಟು ಇರುವವನನ್ನು ಬೆದರಿಸುವುದು ಸುಲಭ. ಕೇಸ್ ಖುಲಾಸೆಯಾಗಿದ್ದರೆ ನ್ಯಾಯಾಲಯದ ಆದೇಶದ ದೃಢೀಕೃತ ಪ್ರತಿಯನ್ನೂ, ಬಿ ರಿಪೋರ್ಟ್ (ಪ್ರಕರಣ ಮುಚ್ಚಲು ಪೊಲೀಸರು ಸಲ್ಲಿಸುವ ವರದಿ) ಆಗಿದ್ದರೆ ಅದನ್ನು ನ್ಯಾಯಾಲಯ ಒಪ್ಪಿಕೊಂಡ ಆದೇಶದ ಪ್ರತಿಯನ್ನೂ ಈಗಲೇ ತೆಗೆಸಿಟ್ಟುಕೊಳ್ಳಿ. ಹಳೆಯ ಕಡತ ಹುಡುಕಿಸುವುದಕ್ಕೆ ಸಮಯ ಹಿಡಿಯುತ್ತದೆ, ಗುತ್ತಿಗೆದಾರರು ಪಾಸ್‌ಗೆ ಕಾಗದ ಕೇಳುವುದು ಮಾತ್ರ ಯಾವಾಗಲೂ ನಾಳೆಗೇ.