ಹಳೆಯ ಲೇತ್ ತಂದಿದ್ದೇನೆ, ಮೊದಲು ಏನು ಮಾಡಲಿ?

ಹಾಸನದಿಂದ ಬಂದ ಪ್ರಶ್ನೆ: ಅಪ್ಪನ ಗೆಳೆಯರ ಶೆಡ್ ಮುಚ್ಚಿತು. ಅಲ್ಲಿದ್ದ ಹರಿಹರದ ಕಿರ್ಲೋಸ್ಕರ್ ಲೇತನ್ನು (ಲೋಹದ ತುಂಡನ್ನು ತಿರುಗಿಸುತ್ತಾ ಕಡಿಯುವ ಯಂತ್ರ) 85,000 ರೂಪಾಯಿ ಕೊಟ್ಟು ತಂದು ಮನೆಯ ಹಿಂದೆ ಕೂರಿಸಿದ್ದೇನೆ. ತುಂಡಿನ ತುದಿ ಸಮ ಮಾಡುವ ಫೇಸಿಂಗ್, ಮೈ ಕಡಿಯುವ ಟರ್ನಿಂಗ್ ಬರುತ್ತದೆ. ಕೈ ಕುದುರಬೇಕು, ಮಾಡಿದ್ದು ಉಪಯೋಗಕ್ಕೂ ಬರಬೇಕು. ಏನು ಮಾಡಲಿ? ಥ್ರೆಡ್ ಕಡಿಯುವಾಗ ಟೂಲನ್ನು ಸಾಗಿಸುವ ಲೀಡ್‌ಸ್ಕ್ರೂ ಇಂಚಿನದು, ನನಗೆ ಬೇಕಿರುವುದು ಮಿಲಿಮೀಟರ್ ಥ್ರೆಡ್.

ಪೀಣ್ಯದ ಟರ್ನರ್: ಗಾರೆಯವರ ತೂಗುಗುಂಡು ಮಾಡಿ. ನನ್ನ ಮೊದಲ ಕೆಲಸ ಅದೇ. 40 ಮಿ.ಮೀ. ದಪ್ಪ, 100 ಮಿ.ಮೀ. ಉದ್ದದ ಹಿತ್ತಾಳೆ ತುಂಡು, ತೂಕ ಒಂದು ಕೆ.ಜಿ.ಗಿಂತ ತುಸು ಹೆಚ್ಚು, ಆಗ 420 ರೂಪಾಯಿ ಕೊಟ್ಟಿದ್ದೆ. ಮೊದಲು ಮೊನೆ ತೆಗೆದು, ಕತ್ತರಿಸಿ, ತಿರುಗಿಸಿ ಹಿಡಿದು, ಆಮೇಲೆ ದಾರದ ತೂತು ಕೊರೆದೆ. ತಪ್ಪಾದದ್ದು ಅಲ್ಲೇ. ತುಂಡನ್ನು ಕಚ್ಚಿ ತಿರುಗಿಸುವ ಮೂರು ದವಡೆಯ ಹಳೆಯ ಚಕ್ ಅದನ್ನು ನಡುವಿಗೆ ಹಿಡಿಯಲಿಲ್ಲ, ತೂತು ಪಕ್ಕಕ್ಕೆ ಸರಿಯಿತು. ನಮ್ಮ ಬೀದಿಯ ಮೇಸ್ತ್ರಿ ದಾರ ಹಿಡಿದು ಗುಂಡನ್ನು ತಿರುಗಿಸಿದರು. ಮೊನೆ ನೆಲದ ಮೇಲೆ ಕಡಲೆಕಾಳಿನಷ್ಟು ಸುತ್ತು ಹಾಕಿತು. ಅವರು ಒಂದು ಮಾತೂ ಆಡದೆ ವಾಪಸು ಕೊಟ್ಟರು. ಎರಡನೆಯದಕ್ಕೆ ದವಡೆಗಳನ್ನು ಒಂದೊಂದಾಗಿ ಸರಿಸಬಹುದಾದ ನಾಲ್ಕು ದವಡೆಯ ಚಕ್ ಹಾಕಿ, ಓಲಾಟ ತೋರಿಸುವ ಡಯಲ್ ಇಟ್ಟು ನಡು ಹಿಡಿದೆ. ಅದು ಈಗಲೂ ಅವರ ಚೀಲದಲ್ಲಿದೆ.

ಬೆಳಗಾವಿಯಿಂದ: ಕಲಿಯುವವರ ಕೈಗೆ ಹಿತ್ತಾಳೆ ಕೊಡುವುದೇ? ಕಬ್ಬಿಣಕ್ಕೆ ಸಾಣೆ ಹಿಡಿದ ಡ್ರಿಲ್ ಹಿತ್ತಾಳೆಗೆ ಸಿಕ್ಕರೆ ತಾನೇ ಒಳಕ್ಕೆ ನುಗ್ಗುತ್ತದೆ, ತುಂಡು ಚಕ್ಕಿನಿಂದ ಕಿತ್ತು ಬರುತ್ತದೆ. ಸಾದಾ ಕಬ್ಬಿಣದಲ್ಲಿ ಟ್ಯಾಪ್ (ತೂತಿನೊಳಗೆ ಥ್ರೆಡ್ ಕಡಿಯುವ ಟೂಲ್) ತಿರುಗಿಸುವ ಹಿಡಿ ಮಾಡಿ, ಹಿಡಿತಕ್ಕೆ ನರ್ಲಿಂಗ್ (ಮೈಮೇಲೆ ಒತ್ತಿ ಮೂಡಿಸುವ ಒರಟು ಗೆರೆ) ಹಾಕಿ. ನಾನು ಅಲ್ಲಿ ಕಳೆದುಕೊಂಡ ಹಣದ ಲೆಕ್ಕ ಇನ್ನೂ ಪುಸ್ತಕದಲ್ಲಿದೆ. ನರ್ಲಿಂಗ್ ಟೂಲ್ 1,150. ವಜ್ರಾಕಾರದ ಗೆರೆ ಕೂಡದೆ ಜೋಡಿ ಜೋಡಿಯಾಗಿ ಬಂತೆಂದು ಇನ್ನಷ್ಟು ಒತ್ತಿದೆ, ಟೂಲನ್ನು ಅಡ್ಡಕ್ಕೆ ಸರಿಸುವ ಕ್ರಾಸ್‌ಸ್ಲೈಡಿನ ನಟ್ ಬಿರುಕು ಬಿಟ್ಟಿತು. ಗನ್‌ಮೆಟಲ್ (ಒಂದು ಬಗೆಯ ಕಂಚು) ನಟ್ ಹೊಸದಾಗಿ ಮಾಡಿಸಲು 2,300, ನಾಲ್ಕು ವಾರ ಲೇತ್ ನಿಂತಿತು. ಆಮೇಲೆ ತಿಳಿಯಿತು, ಒತ್ತುವುದು ಉಪಾಯವಲ್ಲ, ವ್ಯಾಸವನ್ನು ಸ್ವಲ್ಪ ಇಳಿಸಿದರೆ ಗೆರೆ ಕೂಡುತ್ತದೆ. ಮತ್ತೆ, ತುಂಬಾ ಗಡಸಾದ ಕಾರ್ಬೈಡ್ ಮೊನೆಯ ಟೂಲನ್ನೇ ಕೊಳ್ಳಿ. ಸಾಣೆ ಹಿಡಿಯುತ್ತಾ ಕೂತರೆ ವರ್ಷ ಕಳೆಯುತ್ತದೆ.

ಪೀಣ್ಯದ ಟರ್ನರ್: ಬೆಳಗಾವಿಯವರೇ, ಈ ಕೊನೆಯ ಮಾತು ನನಗೆ ನೋವು ತಂದಿತು. ಸಾಣೆ ಹಿಡಿಯಲು ಬಾರದವನು ಟರ್ನರ್ ಹೇಗಾದಾನು? ಹಳೆಯ ಲೇತಿಗೆ ಕಾರ್ಬೈಡ್ ಕೇಳುವ ವೇಗವೇ ಇರುವುದಿಲ್ಲ. 25 ಮಿ.ಮೀ. ಸಾದಾ ಕಬ್ಬಿಣಕ್ಕೆ ಸಾಣೆ ಹಿಡಿದ ಎಚ್‌ಎಸ್‌ಎಸ್ (ಹೈ ಸ್ಪೀಡ್ ಸ್ಟೀಲ್) ಟೂಲ್ ಹಾಕಿ, ನಿಮಿಷಕ್ಕೆ 350 ಸುತ್ತು ಕೊಟ್ಟು ನೋಡಿ. ಸುರುಳಿ ತಾನಾಗಿ ಬಿಚ್ಚಿಕೊಂಡು ಬರುತ್ತದೆ.

ಬೆಳಗಾವಿಯಿಂದ: ನನ್ನ ಲೇತೂ ಹಳೆಯದೇ. ನಿಮ್ಮ ಕಾರ್ಖಾನೆಯಲ್ಲಿ ಸಾಣೆ ಹಿಡಿದುಕೊಡಲು ಬೇರೆ ಆಳು ಇದ್ದರು, ನನಗೆ ಯಾರಿದ್ದರು?

ಮಂಡ್ಯದಿಂದ: ತೂಗುಗುಂಡು, ಹಿಡಿ, ಇವೆಲ್ಲ ಕಪಾಟಿನ ಸಾಮಾನು. ಬುಷ್ (ಒಳಗೆ ಶಾಫ್ಟ್ ತಿರುಗುವ ಲೋಹದ ಬಳೆ) ಮಾಡಿ, ಊರು ನಿಮ್ಮನ್ನು ನೆನೆಯುತ್ತದೆ. ನಾನು ಮಾಡಿದ ಮೊದಲ ಬುಷ್ ಆಲೆಮನೆಯ ಗಾಣದ್ದು. ಗನ್‌ಮೆಟಲ್ಲಿಗೆ 1,900 ರೂಪಾಯಿ. ಒಳ ತೂತನ್ನು ಶಾಫ್ಟಿಗೆ ಹದವಾಗಿ ಕೂರುವಂತೆ ಬೋರ್ ಮಾಡಿದೆ, ಹೊರ ವ್ಯಾಸವನ್ನು ಬುಷ್ ಕೂರುವ ತೂತಿಗಿಂತ 0.1 ಮಿ.ಮೀ. ಹೆಚ್ಚು ಬಿಟ್ಟೆ. ಬಡಿದು ಕೂರಿಸಿದ್ದೇ ಒಳ ತೂತು ಕುಗ್ಗಿತು, ಶಾಫ್ಟ್ ಹೋಗಲೊಲ್ಲದು. ಹೊರಗೆ ಕಡಿದಿಟ್ಟ ಎರಡು ಗಾಡಿ ಕಬ್ಬು ಬಿಸಿಲಿಗೆ ಒಣಗುತ್ತಿತ್ತು, ರೈತ ಬಾಗಿಲಲ್ಲೇ ನಿಂತಿದ್ದ. ಕೈಗವಸು ಹಾಕಿಕೊಂಡು, ಶಾಫ್ಟನ್ನು ಲೇತಿನಲ್ಲಿ ತಿರುಗಿಸಿ, ಎಮರಿ ಬಟ್ಟೆ ಹಿಡಿದು ಸವೆಸಿದೆ. ಆ ಶಾಫ್ಟ್ ಹಾಳಾಯಿತು, ಹೊಸದಕ್ಕೆ 3,200 ನಾನೇ ಕೊಟ್ಟೆ. ಬುಷ್ ಕೂರಿಸಿದ ಮೇಲೆಯೇ ಒಳಗೆ ಕೊನೆಯ ಅಳತೆ ತೆಗೆಯಬೇಕು.

ತುಮಕೂರಿನಿಂದ: ತಿರುಗುವ ಲೇತಿನ ಮುಂದೆ ಕೈಗವಸೇ? ಹೊಸಬರು ಓದುವ ಜಾಗದಲ್ಲಿ ಇದನ್ನು ಹೇಗೆ ಬರೆದಿರಿ? ನಮ್ಮ ಚಿಕ್ಕಪ್ಪನ ಬಲಗೈಯಲ್ಲಿ ಎರಡು ಬೆರಳಿಲ್ಲ. ಗವಸಿನ ತುದಿಯ ಎಳೆಯೊಂದು ಚಕ್ಕಿಗೆ ಸಿಕ್ಕಿತು, ಅಷ್ಟೇ.

ಮಂಡ್ಯದಿಂದ: ಆ ದಿನದ ಆತುರದಲ್ಲಿ ನಾನು ಮಾಡಿದ್ದನ್ನು ಹೇಳಿದೆ. ಹಾಗೆ ಮಾಡಿ ಎಂದು ಯಾರಿಗೂ ಹೇಳಲಿಲ್ಲ.

ತುಮಕೂರಿನಿಂದ: ಮಾಡಬೇಡಿ ಎಂದೂ ಹೇಳಲಿಲ್ಲ.

ಹಾಸನದಿಂದ: ಗವಸು ತೆಗೆದಿಟ್ಟೆ. ಟ್ಯಾಪ್ ಹಿಡಿಯ ತುದಿಗೆ 1.5 ಮಿ.ಮೀ. ಪಿಚ್ಚಿನ (ಒಂದು ಎಳೆಯಿಂದ ಮುಂದಿನ ಎಳೆಗೆ ಇರುವ ದೂರ) ಥ್ರೆಡ್ ಬೇಕು. ಲೀಡ್‌ಸ್ಕ್ರೂ ತಿರುಗಿಸುವ ಗೇರು ಹೇಗೆ ಹಾಕಲಿ?

ಪೀಣ್ಯದ ಟರ್ನರ್: 127 ಹಲ್ಲಿನ ಗೇರು ಬೇಕು. ಒಂದು ಇಂಚೆಂದರೆ 25.4 ಮಿ.ಮೀ., ಅದರ ಐದರಷ್ಟು 127. ಅದಿಲ್ಲದೆ ಸರಿಯಾದ ಮಿಲಿಮೀಟರ್ ಥ್ರೆಡ್ ಇಲ್ಲ.

ಬೆಳಗಾವಿಯಿಂದ: 127ರ ಗೇರು ಹುಡುಕಿ ನಾನು ಮೂರು ಊರು ಅಲೆದೆ. ಕೊನೆಗೆ 80 ಮತ್ತು 63 ಹಲ್ಲಿನ ಜೋಡಿಯಿಂದ ಕೆಲಸ ತೆಗೆದೆ, 80ನ್ನು 63ರಿಂದ ಭಾಗಿಸಿದರೆ ಹೆಚ್ಚುಕಡಿಮೆ 1.27 ಬರುತ್ತದೆ. ಒಂದು ಮೀಟರಿಗೆ 0.125 ಮಿ.ಮೀ. ವ್ಯತ್ಯಾಸ. ಹಿಡಿಯ 20 ಮಿ.ಮೀ. ಥ್ರೆಡ್ಡಿಗೆ ಅದು ಲೆಕ್ಕವೇ?

ಪೀಣ್ಯದ ಟರ್ನರ್: ಹಿಡಿಗೆ ಸಾಕು, ಒಪ್ಪಿದೆ. ಮುಂದೆ ಅದೇ ಲೇತಿನಲ್ಲಿ ಉದ್ದದ ಲೀಡ್‌ಸ್ಕ್ರೂ ಮಾಡಲು ಕೂತರೆ? ಹಾಸನದವರೇ, ಗೇರಿನ ಪೆಟ್ಟಿಗೆಯಲ್ಲಿ ಯಾವ ಯಾವ ಹಲ್ಲಿನವು ಬಂದಿವೆ, ಒಂದೊಂದನ್ನೂ ಎಣಿಸಿ ಬರೆಯಿರಿ.