ಸಹಾಯ ಬೇಕು: ಸ್ಟೀವ್ ಕ್ಲಾರಿಡ್ಜ್ ಸಾವಿರನೇ ಪಂದ್ಯದ ಪುಸ್ತಿಕೆ

ಎಲ್ಲರಿಗೂ ನಮಸ್ಕಾರ. ಇಂಗ್ಲೆಂಡಿನ ಬೋರ್ನ್‌ಮತ್ ಕಡೆ ಇರುವ ಕನ್ನಡಿಗರು ಯಾರಾದರೂ ಇದ್ದೀರಾ? 2006ರ ಡಿಸೆಂಬರ್‌ನಲ್ಲಿ ಅಲ್ಲಿ ನಡೆದ ಬೋರ್ನ್‌ಮತ್–ಪೋರ್ಟ್ ವೇಲ್ ಫುಟ್‌ಬಾಲ್ ಪಂದ್ಯದ ಪುಸ್ತಿಕೆ ಬೇಕಿತ್ತು. ಕ್ರೀಡಾಂಗಣದ ಬಾಗಿಲಲ್ಲಿ ಮಾರುತ್ತಾರಲ್ಲ, ಅದೇ.

ಅದು ಇಂಗ್ಲೆಂಡಿನ ಆಟಗಾರ ಸ್ಟೀವ್ ಕ್ಲಾರಿಡ್ಜ್ ಆಡಿದ ಸಾವಿರನೇ ಪಂದ್ಯ. ವಯಸ್ಸು ಆಗ 40! ಆಲ್ಡರ್‌ಶಾಟ್, ಕೇಂಬ್ರಿಜ್, ಲೂಟನ್, ಬರ್ಮಿಂಗ್‌ಹ್ಯಾಮ್, ಪೋರ್ಟ್ಸ್‌ಮತ್, ಮಿಲ್ವಾಲ್... ಮನುಷ್ಯ ಊರೂರು ಅಲೆದು, ಕೊನೆಗೆ ವೃತ್ತಿಪರನಾಗಿ ಶುರು ಮಾಡಿದ ಕ್ಲಬ್ಬಿನಲ್ಲೇ ಸಾವಿರ ಮುಟ್ಟಿದ್ದು.

ನನಗೆ ಈತನ ಹುಚ್ಚು ಹಿಡಿದದ್ದು 1996ರ ಪ್ಲೇ-ಆಫ್ ಫೈನಲ್ (ಗೆದ್ದವರಿಗೆ ಪ್ರೀಮಿಯರ್ ಲೀಗ್‌ಗೆ ಬಡ್ತಿ) ವಿಡಿಯೊ ನೋಡಿ. ಈತನ ತಂಡ ಲೆಸ್ಟರ್, ಎದುರಾಳಿ ಕ್ರಿಸ್ಟಲ್ ಪ್ಯಾಲೇಸ್, 1–1. ಹೆಚ್ಚುವರಿ ಸಮಯವೂ ಮುಗಿಯುತ್ತಾ ಬಂದಿತ್ತು. ಕಾಲುಚೀಲ ಪಾದದ ಹತ್ತಿರ ಜಾರಿಸಿಕೊಂಡು ಓಡಾಡುತ್ತಿದ್ದ ಈತ ದೂರದಿಂದ ಒದ್ದ. ಚೆಂಡು ಈತನದೇ ಮೊಣಕಾಲ ಕೆಳಗಿನ ಮೂಳೆಗೆ ತಾಗಿ ಗೋಲಿನ ಮೂಲೆ ಸೇರಿತು. ಗೋಲ್‌ಕೀಪರ್ ಸುಮ್ನೆ ನಿಂತು ನೋಡಿದ! ಅದೃಷ್ಟ ಅನ್ನಿ ಪರವಾಗಿಲ್ಲ, ನನಗಂತೂ ಅಂಥ ಗೋಲೇ ಇಷ್ಟ. ಮುಂದಿನ ವರ್ಷ ಲೀಗ್ ಕಪ್ ಫೈನಲ್ ಮರುಪಂದ್ಯದಲ್ಲಿ ಮಿಡಲ್ಸ್‌ಬ್ರೋ ವಿರುದ್ಧ ಗೆಲುವಿನ ಗೋಲೂ ಈತನದೇ.

ಒಮ್ಮೆ ಆನ್‌ಲೈನ್‌ನಲ್ಲಿ ತರಿಸಿದೆ, ಬೇರೆ ಪಂದ್ಯದ್ದು ಬಂತು. ಹಳೇ ಪುಸ್ತಿಕೆ ಮಾರುವ ಅಂಗಡಿ ಗೊತ್ತಿದ್ದರೆ ತಿಳಿಸಿ. ಊರಿಗೆ ಬರುವವರು ತಂದುಕೊಟ್ಟರೆ ಇನ್ನೂ ಒಳ್ಳೆಯದು. ದುಡ್ಡು ಮೊದಲೇ ಕಳಿಸುತ್ತೇನೆ. ಮುಖಪುಟ ಸ್ವಲ್ಪ ಹರಿದಿದ್ದರೂ ನಡೆಯುತ್ತೆ.